ಗವಾಕ್ಷಿಗೆ ತುರುಕಿದ್ದ ಪೇಪರು

ನಿಟ್ಟೂರು ದಾಟಿ ಎರಡು ಮೈಲಿ. ಜನವರಿ.
ಬಿಸಿನೀರು ಬೇಕಾದಷ್ಟಿದೆ, ಗ್ಯಾಸ್ ಗೀಸರು,
ಅಂದ ಹೋಂಸ್ಟೇ ಗುತ್ಯಪ್ಪ.
ಎಲ್ಲರೂ ಬ್ಯಾಗು ಇಳಿಸಿದರು.
ನಾನು ಚಪ್ಪಲಿಯನ್ನೂ ಕಳಚದೆ ಬಚ್ಚಲಿಗೆ ಹೋದೆ.

"ಅಕ್ಕ ಊರು ನೋಡೋಕೆ ಬರೋದಲ್ಲ,
ಇನ್‌ಸ್ಪೆಕ್ಷನ್ನಿಗೆ ಬರೋದು," ತಮ್ಮನ ಹೆಂಡತಿ ವಾರಿಜ.
ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ
ಇಪ್ಪತ್ತೇಳು ವರ್ಷ ರಾತ್ರಿ ಪಾಳಿ ಮಾಡಿದವಳಿಗೆ
ಬೇರೆ ಯಾವ ಊರು ಕಾಣುತ್ತೆ, ಹೇಳಿ.

ಗೀಸರಿಗೆ ಹೊರಗೆ ಹೋಗುವ ಕೊಳವೆಯಿಲ್ಲ.
ಉರಿ ನೀಲಿಯಿರಬೇಕು; ತುದಿ ಹಳದಿ,
ಹಣ್ಣಾದ ವೀಳ್ಯದೆಲೆಯ ಹಾಗೆ.
ಮೇಲೊಂದು ಗವಾಕ್ಷಿ, ಅದಕ್ಕೆ ಮಡಚಿ ಮಡಚಿ ತುರುಕಿದ ಪೇಪರು.
"ಚಳಿ ಬರುತ್ತೆ ಅಂತ ಬಂದೋರೇ ಬೈತಾರೆ ಮೇಡಂ."
ಎಳೆದೆ, ಒಂದೊಂದೇ ಹಾಳೆ. ಮೂರು ವರ್ಷ ಹಳೆಯದು.
ಸಾಗರದ ಬಟ್ಟೆ ಅಂಗಡಿಯ ರಿಯಾಯ್ತಿ,
ಒಂದು ಅರ್ಧ ಶ್ರದ್ಧಾಂಜಲಿ.
ಯಾರದೆಂದು ತಿಳಿಯಲಿಲ್ಲ,
ಮುಖ ಇನ್ನೊಂದು ಹಾಳೆಯಲ್ಲಿತ್ತು.

ನಮ್ಮ ಕಡೆಯವರ ಮೂಗು ಸಾಮಾನ್ಯದ್ದಲ್ಲ.
ದಾರಿಯಲ್ಲಿ ಕಾಟಿ ದಾಟಿದ್ದು ಹೇಳುತ್ತೇವೆ,
ಪಕ್ಕದ ಮನೆಯ ಕಳಲೆ ಹುಳಿಯೋ ಪಲ್ಯವೋ ಹೇಳುತ್ತೇವೆ.
ಇದರ ಮುಂದೆ ಆ ಮೂಗು ಬರೀ ಎರಡು ತೂತು.
ಬೆಂಕಿಯಿಲ್ಲದೆ ಹೊಗೆಯಾಡದು ಅಂದರು ಹಿರಿಯರು.
ಹೊಗೆಯೇ ಆಡದ ಬೆಂಕಿಯ ಬಗ್ಗೆ ಏನೂ ಹೇಳಲಿಲ್ಲ.
ಪಾಪ, ಅವರ ಬಚ್ಚಲಿಗೆ ಹಂಚಿನ ಸಂದಿಯಿತ್ತು.

ಒಂದು ಸಲ, ಬೆಳಗಿನ ಜಾವ, ಒಬ್ಬಳನ್ನು ತಂದರು.
ಯಾವುದೋ ಲಾಡ್ಜಿನ ಬಚ್ಚಲು. ಕೈತುಂಬ ಹೊಸ ಬಳೆ.
ಕೆನ್ನೆ ಎಷ್ಟು ಕೆಂಪಗೆ!
"ನಿದ್ದೆ ಮಾಡ್ತಿದಾರೆ ಸಿಸ್ಟರ್," ಅಂದ ಸ್ಟ್ರೆಚರ್ ಹುಡುಗ.
ಆಮೇಲಿಂದ ಯಾರ ಕೆನ್ನೆ ಕೆಂಪಗಿದ್ದರೂ
ಹೆಸರು ಹಿಡಿದು ಕರೆಯುತ್ತೇನೆ,
ಉತ್ತರ ಬರುವವರೆಗೆ.

ನನ್ನ ಕೋಣೆಯದು ಮುಗಿಸಿ ಪಕ್ಕದ್ದಕ್ಕೆ ಹೋಗುವಷ್ಟರಲ್ಲಿ
ಆ ಮೂವರ ಸ್ನಾನ ಮುಗಿದಿತ್ತು.
ವಾರಿಜಳಿಗೆ ತಲೆನೋವು. ತಮ್ಮನಿಗೂ. ಹುಡುಗನಿಗೂ.
"ಕೊಲ್ಲೂರಿಂದ ಘಾಟಿ ಹತ್ತಿದ್ವಲ್ಲ ಅಕ್ಕ, ಆ ತಿರುವು.
ನಿಂಬೆಹಣ್ಣು ಮೂಸಿದ್ರೆ ಹೋಗುತ್ತೆ."
ಒಬ್ಬರಿಗೆ ಬಂದರೆ ಅದು ತಲೆಯದು.
ಮೂವರಿಗೂ ಒಟ್ಟಿಗೆ ಬಂದರೆ
ಕೋಣೆಯದು.
ಸಿಲಿಂಡರ್ ತಿರುಪಿದೆ. ಟವೆಲ್ ಸುತ್ತಿದ ತಲೆಯಲ್ಲೇ
ಅಂಗಳಕ್ಕೆ ಎಳೆದೆ.
ಜಬೀವುಲ್ಲಾ, ಗಾಡಿ ತೆಗಿ. ಹೊಸನಗರದ ಆಸ್ಪತ್ರೆ.

ಕಿಟಕಿಗಳೆಲ್ಲ ತೆರೆದು, ಹಲ್ಲು ಕಟಕಟಿಸುತ್ತ ಹೋದೆವು.
ಹುಡುಗನ ತಲೆನೋವು ಮೊದಲು ಇಳಿಯಿತು,
ಯಾವುದೋ ಸ್ಟಾಪಿನಲ್ಲಿ, ಟಿಕೆಟ್ಟು ಮುಗಿದವರ ಹಾಗೆ.
ಡಾಕ್ಟರು ಮೂಗಿಗೆ ಆಕ್ಸಿಜನ್ ಹಿಡಿಸಿ,
ಇವರ ಮಾತು ಕೇಳ್ರಿ, ಅಂದರು.
ವಾರಿಜ ಕೇಳಿಸದವಳಂತೆ ಕೂದಲು ಒರೆಸಿಕೊಂಡಳು.

ಮರಳಿದಾಗ ಹನ್ನೊಂದು. ಗುತ್ಯಪ್ಪ ಬಾಣಲೆಯಲ್ಲಿ ಕೆಂಡ ಹಿಡಿದು,
ಇದನ್ನಾದರೂ ಕೋಣೇಲಿ ಇಡ್ಲಾ ಮೇಡಂ, ಅಂದ.
ಅಂಗಳದಲ್ಲಿಡಪ್ಪ. ಅಲ್ಲೇ ಕೂತು ಕಾಯಿಸಿಕೊಳ್ಳೋಣ.

ರಾತ್ರಿ ಎರಡು ಗಂಟೆ. ಶೆಡ್ಡಿನೊಳಗಿಂದ ಗುರ್ರ್ ಅನ್ನುವ ಸದ್ದು.
ಶಟರು ಇಳಿದಿದೆ, ಗಾಡಿಯ ಹೀಟರಿನ ಸುಖದಲ್ಲಿ ಜಬೀವುಲ್ಲಾ.
ಶಟರು ಎತ್ತಿ ಗಾಜು ಬಡಿದೆ. ಹೆಸರು ಕೂಗಿದೆ.
ಮತ್ತೆ ಕೂಗಿದೆ.
ಕಣ್ಣು ಬಿಡದೆ ಬೈದ.
ಬೈಗುಳ ಕೇಳಿ ಅಷ್ಟು ಸಂತೋಷ
ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಎಲ್ಲರೂ ಒಂದೇ ಕೋಣೆಯಲ್ಲಿ, ಕಿಟಕಿ ತೆರೆದು,
ಕಂಬಳಿ ಗಲ್ಲದವರೆಗೆ ಎಳೆದು.
ಚಳಿ ಬಂತು. ಬರಲಿ.
ಚಳಿ ಮರ್ಯಾದಸ್ಥ, ಬರುವಾಗ ಬಾಗಿಲು ಅಲ್ಲಾಡಿಸುತ್ತದೆ.

"ಅಕ್ಕ, ಆ ಪೇಪರಲ್ಲಿ ಅರ್ಧ ಇತ್ತಲ್ಲ,
ಯಾರದ್ದು ಅದು?"
ಗೊತ್ತಿಲ್ಲ, ಮಲಗು, ಅಂದೆ.
ಸ್ವಲ್ಪ ಹೊತ್ತು ಬಿಟ್ಟು,
ವಾರಿಜಾ, ಅಂದೆ.

ಹ್ಞೂಂ, ಅಂದಳು.